ಗೂಟಕ್ಕೆ ಹಾಕದ ಚೀಲ

ಥಾರ್ನ್‌ಗಾರ್ತ್, ಮಿಡಲ್ಸ್‌ಬರೊ
3 ಸೆಪ್ಟೆಂಬರ್ 2018

ರೀಸ್,

ಇದನ್ನು ಕೂತು ಓದು. ನನಗೆ ಕೆಲಸ ಸಿಕ್ಕಿದೆ. ಯೂತ್ ವರ್ಕರ್ ಆಗುವ ಕೆಲಸ. ನಕ್ಕು ಮುಗಿಸು, ಕಾಯುತ್ತೇನೆ.

ಮುಚ್ಚಿಹೋಗಿದ್ದ ನಮ್ಮ ಲೈಬ್ರರಿಯಲ್ಲಿ ಈಗ ಡೆನೀಸ್ ಇದ್ದಾರೆ. ಶಾಲೆಯಲ್ಲಿ ನಮಗೆ ಊಟ ಬಡಿಸುತ್ತಿದ್ದ ಅದೇ ಡೆನೀಸ್. ನಿನಗೆ ಯಾವಾಗಲೂ ಒಂದು ಸೌಟು ಹೆಚ್ಚು ಹಾಕುತ್ತಿದ್ದರಲ್ಲ. ನಾಲ್ಕು ಜನ ಸೇರಿ ಒಂದು ಸೇವಾ ಸಂಸ್ಥೆ ಮಾಡಿಕೊಂಡಿದ್ದಾರೆ. ಶಾಲೆ ಬಿಟ್ಟ ಮೇಲೆ ಮಕ್ಕಳು ಅಲ್ಲಿಗೆ ಬರುತ್ತವೆ. ವರ್ಷಕ್ಕೆ ಇಬ್ಬರು ದೊಡ್ಡ ಹುಡುಗ ಹುಡುಗಿಯರನ್ನು ಸೇರಿಸಿಕೊಂಡು ಕೆಲಸ ಕಲಿಸುತ್ತಾರೆ. ಕೊನೆಗೆ ಸರ್ಟಿಫಿಕೇಟ್. ನಾನು ಹೋಗಿ ನೇರವಾಗಿ ಹೇಳಿದೆ: "ಡೆನೀಸ್, ನಾನು ಹದಿನೈದಕ್ಕೆ ಶಾಲೆ ಬಿಟ್ಟೋಳು. ನಾಲ್ಕು ವರ್ಷದಲ್ಲಿ ಏಳು ಕೆಲಸ ಬಿಟ್ಟಿದೀನಿ. ಇದನ್ನೂ ಬಿಡಬಹುದು."

"ಗೊತ್ತು ಪುಟ್ಟಾ," ಅಂದರು. "ಓದ್ಕೊಂಡು ಬಂದೋರು ಆರು ತಿಂಗಳಿಗೆ ಓಡಿಹೋಗ್ತಾರೆ. ನಂಗೆ ಈ ಬೀದಿಯವ್ರೇ ಬೇಕು. ಟೋಸ್ಟ್ ಮಾಡಕ್ಕೆ ಬರತ್ತಾ?"

ನನ್ನ ಕೆಲಸ ಅದೇ. ಸಂಜೆ ನಾಲ್ಕರಿಂದ ಆರರವರೆಗೆ ಟೋಸ್ಟ್ ಮಾಡುವುದು. ಬಾಗಿಲ ಪಕ್ಕದ ಗೋಡೆಗೆ ಸಾಲಾಗಿ ಮರದ ಗೂಟಗಳಿವೆ. ಒಳಗೆ ಬಂದವರು ಮೊದಲು ಚೀಲ ಅಲ್ಲಿ ಹಾಕಬೇಕು, ಆಮೇಲೆ ತಿಂಡಿ. "ಗೂಟಕ್ಕೆ ಚೀಲ, ಕೈಗೆ ಟೋಸ್ಟು" ಎಂದು ಡೆನೀಸ್ ದಿನಕ್ಕೆ ನಲವತ್ತು ಸಲ ಕೂಗುತ್ತಾರೆ. ಅಲ್ಲಿರುವ ನಿಯಮ ಅದೊಂದೇ.

ನಿನ್ನ ತಂಗಿ ಮೇಸಿ ಮಂಗಳವಾರ, ಗುರುವಾರ ಬರುತ್ತಾಳೆ. ಎತ್ತರ ಆಗಿದ್ದಾಳೆ. ಜಾಮ್ ಬೇಡ, ಬರೀ ಬೆಣ್ಣೆ. ಆದರೆ ಚೀಲ ಮಾತ್ರ ಗೂಟಕ್ಕೆ ಹಾಕುವುದಿಲ್ಲ. ಬೆನ್ನ ಮೇಲೆ ಹೊತ್ತುಕೊಂಡೇ ಟೇಬಲ್ ಟೆನಿಸ್ ಆಡುತ್ತಾಳೆ, ಆಮೆಯ ಹಾಗೆ.

ಜೂನ್‌ನಲ್ಲಿ ಕೋರ್ಟಿನ ಬಾಗಿಲಲ್ಲಿ ನೀನು ಹೇಳಿದ್ದು ಮರೆತಿಲ್ಲ. ಮಕ್ಕಳ ಇಲಾಖೆಯವರು ನಿಮ್ಮಮ್ಮನಿಗೆ ಒಂದು ಸಲ ಎಚ್ಚರಿಕೆ ಕೊಟ್ಟು ಹೋಗಿದ್ದಾರೆ, ಇನ್ನೊಂದು ಸಲ ಬಂದರೆ ಮೇಸಿಯನ್ನು ಕರೆದುಕೊಂಡೇ ಹೋಗುತ್ತಾರೆ. ನೀನು ಹೊರಗೆ ಬರುವವರೆಗೆ ಅವಳು ಆ ಮನೆಯಲ್ಲೇ ಇರಬೇಕು. ನೋಡಿಕೊಳ್ಳುತ್ತೇನೆ.

ಶಾನಾ


14 ಸೆಪ್ಟೆಂಬರ್

ಶಾನಾ,

ನಕ್ಕೆ. ಪಕ್ಕದ ಕೋಣೆಯವನು ಗೋಡೆ ಗುದ್ದುವವರೆಗೆ ನಕ್ಕೆ. ಕೊರಳಿಗೆ ಗುರುತಿನ ಕಾರ್ಡು ಬೇರೆ ಹಾಕಿಕೊಳ್ಳುತ್ತೀಯಂತೆ, ಅಮ್ಮ ಫೋನಿನಲ್ಲಿ ಹೇಳಿದಳು. ಬೆಕ್ಕಿಗೆ ಗಂಟೆ ಕಟ್ಟಿದ ಹಾಗಾಯಿತು.

ಆ ಮಕ್ಕಳಿಗೆ ನಿನ್ನ ರೋಗದ ವಿಷಯ ಹೇಳಿದ್ದೀಯಾ? ಸುಳ್ಳು ಹೇಳಲು ಬಾರದ ರೋಗ. ಶಾಲೆಯ ಹುಲ್ಲು ಕತ್ತರಿಸುವ ಗಾಡಿಯನ್ನು ನಾವಿಬ್ಬರೂ ಫುಟ್‌ಬಾಲ್ ಮೈದಾನದ ನಡುವೆ ಓಡಿಸಿದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೆಡ್‌ಮಾಸ್ಟರು ಎಲ್ಲರನ್ನೂ ನಿಲ್ಲಿಸಿ "ಯಾರು?" ಅಂದರು. ನೀನು ಕೈ ಎತ್ತಿ, "ನಾನು, ರೀಸ್ ಗಾರ್ಬಟ್, ಇಬ್ರೂ ಸರ್" ಅಂದೆ. ನನ್ನದು ಮೂರನೆಯ ತಪ್ಪು, ಅದಕ್ಕೆ ಶಾಲೆಯಿಂದ ಹೊರಹಾಕಿದರು. ನೀನು ಅವತ್ತೇ ಗೇಟು ಹಾರಿ ನನ್ನ ಹಿಂದೆ ಬಂದೆ. ಅದಕ್ಕೇ ನಿನ್ನನ್ನು ಕ್ಷಮಿಸಿದ್ದೇನೆ. ಬೇರೆ ಯಾರನ್ನೂ ಕ್ಷಮಿಸುತ್ತಿರಲಿಲ್ಲ.

ಚೀಲದ ವಿಷಯಕ್ಕೆ ಮೇಸಿಯನ್ನು ಪೀಡಿಸಬೇಡ. ಡೆನೀಸ್‌ಗೂ ಹೇಳು. ಆ ವಯಸ್ಸಿನ ಹುಡುಗಿಯರಿಗೆ ಏನೋ ಒಂದು ಇರುತ್ತದೆ.

ಇಲ್ಲಿ ಜೈಲಿನಲ್ಲಿ ಪತ್ರಗಳನ್ನು ಒಡೆದೇ ಕೊಡುತ್ತಾರೆ. ಎಲ್ಲವನ್ನೂ ಓದುವುದಿಲ್ಲ, ಆದರೆ ಯಾವುದನ್ನು ಓದುತ್ತಾರೆ ಎಂದು ಗೊತ್ತಿಲ್ಲ. ಹಾಗಾಗಿ ಯೋಚಿಸಿ ಬರೆ.

ರೀಸ್


ಥಾರ್ನ್‌ಗಾರ್ತ್
11 ಅಕ್ಟೋಬರ್

ರೀಸ್,

ಇನ್ನೂ ಕೆಲಸ ಬಿಟ್ಟಿಲ್ಲ. ಅಜ್ಜಿ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದಾಳೆ.

ಬುಧವಾರ ಪಾಠ. ಪಾಠ ಎಂದರೆ ಕುರ್ಚಿಗಳನ್ನು ಸುತ್ತ ಹಾಕಿಕೊಂಡು ಒಬ್ಬರು ಮಗು, ಒಬ್ಬರು ದೊಡ್ಡವರು ಆಗಿ ನಟಿಸುವುದು. ಮಗು ಗುಟ್ಟು ಹೇಳಲು ಬಂದರೆ, ಕೇಳುವುದಕ್ಕೂ ಮೊದಲೇ ನಾವು ಒಂದು ಮಾತು ಹೇಳಬೇಕು: "ನೀನು ಹೇಳೋದ್ರಲ್ಲಿ ನಿಂಗೆ ಅಪಾಯ ಇದೆ ಅನ್ಸಿದ್ರೆ, ನಾನು ಇನ್ನೊಬ್ರಿಗೆ ಹೇಳ್ಬೇಕಾಗತ್ತೆ." ಯಾರಿಗೂ ಹೇಳುವುದಿಲ್ಲ ಎಂದು ಮಾತ್ರ ಮಾತು ಕೊಡಬಾರದು. ಸತ್ತರೂ ಕೊಡಬಾರದು. ಹನ್ನೊಂದು ಸಲ ಹೇಳಿಸಿದರು. ನನಗೆ ನಗು. ನಮ್ಮ ಬೀದಿಯಲ್ಲಿ ಯಾವ ಮಗು ತಾನೇ ಆ ಮಾತು ಕೇಳಿದ ಮೇಲೆ ಬಾಯಿ ಬಿಡುತ್ತದೆ? ಚಾಡಿ ಹೇಳಬೇಡ ಎನ್ನುವುದನ್ನು ನಾವು ನಡೆಯುವುದಕ್ಕಿಂತ ಮೊದಲೇ ಕಲಿತವರು.

ಡೆನೀಸ್ ಕಲಿಸುವುದು ಬೇರೆ. "ಮಗು ಮುಖ ನೋಡ್ಬೇಡ, ಟೋಸ್ಟ್ ನೋಡು. ಎದುರಿಗೆ ಕೂತ್ರೆ ಪೊಲೀಸು, ಪಕ್ಕದಲ್ಲಿ ನಿಂತ್ರೆ ಮನುಷ್ಯ." ಇದು ನಿಜ. ಪಕ್ಕದಲ್ಲಿ ನಿಂತರೆ ಮಕ್ಕಳು ಏನೇನೋ ಹೇಳುತ್ತವೆ. ಮೊನ್ನೆ ಒಬ್ಬ ಹುಡುಗ ತನ್ನ ಅಪ್ಪನ ಹೆಸರೇ ತನಗೆ ಗೊತ್ತಿಲ್ಲ ಎಂದು ಹೇಳಿ, ಇನ್ನೊಂದು ಟೋಸ್ಟ್ ಇದೆಯಾ ಎಂದು ಕೇಳಿದ.

ಶನಿವಾರ ಮಕ್ಕಳನ್ನು ರೆಡ್‌ಕಾರ್ ಕಡಲತೀರಕ್ಕೆ ಕರೆದುಕೊಂಡು ಹೋಗಿದ್ದೆವು. ಗಾಳಿಗೆ ಹಲ್ಲು ಕಳಚಿ ಬೀಳಬೇಕು, ಆದರೂ ಎಲ್ಲರಿಗೂ ಐಸ್‌ಕ್ರೀಮ್ ಬೇಕು. ಮೇಸಿ ತನ್ನದರ ಮೇಲಿನ ನಿಂಬೆ ಐಸನ್ನೆಲ್ಲ ನೆಕ್ಕಿ ಉಳಿದದ್ದನ್ನು ನನಗೆ ಕೊಟ್ಟಳು. ಮೊಣಕಾಲುದ್ದ ನೀರಿಗೆ ಇಳಿದಳು, ಬೆನ್ನ ಮೇಲೆ ಚೀಲ ಹೊತ್ತುಕೊಂಡೇ. ಬೇರೆ ಹುಡುಗಿಯರು "ಏ ಆಮೆ, ಮೊಟ್ಟೆ ಇಡಕ್ಕೆ ಬಂದ್ಯಾ?" ಎಂದು ಕೂಗಿದರು. ಅವಳು ತಿರುಗಿಯೂ ನೋಡಲಿಲ್ಲ.

ಬಸ್ಸಿನಲ್ಲಿ ಚೀಲ ತಬ್ಬಿಕೊಂಡು ನಿದ್ದೆ ಮಾಡಿದಳು. ಆಗ ನನಗೆ ಹೊಳೆಯಿತು. ಒಳಗೆ ನಿನ್ನ ಆ ನೀಲಿ ಉಣ್ಣೆ ಜಂಪರ್ ಇದೆ, ಅಲ್ಲವಾ? ನಿನ್ನ ವಾಸನೆ ಹೋಗದಿರಲಿ ಎಂದು ಹೊತ್ತುಕೊಂಡು ತಿರುಗುತ್ತಿದ್ದಾಳೆ. ಹಾಗೆಂದು ತಿಳಿದ ಮೇಲೆ ನಾನು ಅವಳನ್ನು ಗೂಟದ ಬಗ್ಗೆ ಕೇಳುವುದನ್ನು ಬಿಟ್ಟೆ. ಡೆನೀಸ್‌ಗೂ ಹೇಳಿದೆ. ಅವರ ಕಣ್ಣು ಒದ್ದೆಯಾಯಿತು.

ಶಾನಾ


30 ಅಕ್ಟೋಬರ್

ಶಾನಾ,

ಹೌದು, ಜಂಪರೇ ಇರಬೇಕು. ಹಾಗೇ ಬಿಡು.

ಒಳ್ಳೆಯ ಸುದ್ದಿ ಇದೆ. ಮಾರ್ಚ್ ಹದಿನೆಂಟಕ್ಕೆ ಬಿಡುತ್ತಾರೆ. ಎಲ್ಲಿದ್ದೇನೆ ಎಂದು ಅವರಿಗೆ ತಿಳಿಸುವ ಪಟ್ಟಿ ಕಾಲಿಗೆ ಕಟ್ಟಿ ಮನೆಗೆ ಕಳಿಸುತ್ತಾರೆ, ಸಂಜೆ ಏಳರ ಮೇಲೆ ಹೊರಗೆ ಹೋಗುವ ಹಾಗಿಲ್ಲ. ಏಳರ ಮೇಲೆ ನಮ್ಮ ಬೀದಿಯಲ್ಲಿ ಏನಿದೆ ಹೇಳು. ಅಮ್ಮ ಕುಡಿಯುವುದನ್ನು ಕಡಿಮೆ ಮಾಡಿದ್ದಾಳೆ, ಮೇಸಿಯೇ ಹೇಳಿದಳು. ಮಾರ್ಚ್‌ವರೆಗೆ, ಅಷ್ಟೇ. ಅಲ್ಲಿಯವರೆಗೆ ಏನೂ ಆಗಬಾರದು. ಬಂದ ದಿನ ಕರಿದ ಕೋಳಿಯ ಪಾರ್ಮೋ ಕೊಡಿಸು, ಮೇಲೆ ಬೆಳ್ಳುಳ್ಳಿ ಸಾಸ್ ಜಾಸ್ತಿ. ಇಲ್ಲಿ ಕೋಳಿ ಎಂದು ಕೊಡುವುದು ಕೋಳಿಯಲ್ಲ.

ಅವಳನ್ನು ದೂರದಿಂದ ನೋಡಿಕೊಳ್ಳುತ್ತಿದ್ದರೆ ಸಾಕು.

ರೀಸ್


ಥಾರ್ನ್‌ಗಾರ್ತ್
22 ನವೆಂಬರ್

ರೀಸ್,

ಮೂರು ಪತ್ರ ಬರೆದು ಹರಿದೆ. ಸುಳ್ಳು ಬರೆಯಲಾರೆ, ನಿಜ ಬರೆಯುವ ಧೈರ್ಯ ಇವತ್ತು ಇಲ್ಲ. ಚಳಿ ಜೋರಾಗಿದೆ. ಅಜ್ಜಿ ಕ್ಷೇಮ.

ಶಾನಾ


28 ನವೆಂಬರ್

ಶಾನಾ,

ಅಮ್ಮ ಫೋನಿನಲ್ಲಿ ಅಳುತ್ತಾಳೆ. ಹೋದ ವಾರ ಮಂಗಳವಾರ ಸಂಜೆ ಪೊಲೀಸರು ಬಂದು ಮನೆಯನ್ನೆಲ್ಲ ಮಗುಚಿ ಹಾಕಿದರಂತೆ. ಮೇಸಿ ಆ ಲೈಬ್ರರಿಯಿಂದ ಮನೆಗೆ ಬರಲೇ ಇಲ್ಲವಂತೆ. ಅಲ್ಲಿಂದಲೇ ನೇರವಾಗಿ ನ್ಯೂಕ್ಯಾಸಲ್ ಆಚೆ ಯಾರದೋ ಸಾಕುಮನೆಗೆ ಕರೆದುಕೊಂಡು ಹೋಗಿದ್ದಾರೆ. ಹದಿಮೂರು ವರ್ಷದ ಹುಡುಗಿ ಶಾನಾ. ಹಲ್ಲುಜ್ಜುವ ಬ್ರಷ್ ಕೂಡ ಇಲ್ಲದೆ.

ಯಾರೋ ಹೇಳಿಕೊಟ್ಟಿದ್ದಾರೆ. ಆ ಡೆನೀಸ್ ಅಂತ ನನಗೆ ಅನುಮಾನ. ಊಟ ಬಡಿಸುವಾಗಲೇ ಎಲ್ಲರ ತಟ್ಟೆಗೂ ಇಣುಕುತ್ತಿದ್ದವಳು. ನೀನು ಅಲ್ಲೇ ಒಳಗೆ ಇದ್ದೀಯ. ಯಾರೆಂದು ಪತ್ತೆ ಮಾಡಿ ನನಗೆ ಹೆಸರು ಬರೆ. ನಿನ್ನನ್ನು ಬಿಟ್ಟರೆ ಹೊರಗೆ ನನಗೆ ಯಾರೂ ಇಲ್ಲ.

ರೀಸ್


ಥಾರ್ನ್‌ಗಾರ್ತ್
6 ಡಿಸೆಂಬರ್

ರೀಸ್,

ಹೆಸರು ಕೇಳಿದ್ದೀಯ. ಶಾನಾ ಪ್ಯಾಲಿಸ್ಟರ್.

ಈಗ ಹರಿದು ಹಾಕಬೇಡ, ಪೂರ್ತಿ ಓದು.

ನವೆಂಬರ್ ಇಪ್ಪತ್ತು, ಮಂಗಳವಾರ, ನಾಲ್ಕೂವರೆ. ಎಲ್ಲರೂ ಆಚೆ ಟೇಬಲ್ ಹತ್ತಿರ. ಅಡುಗೆಮನೆಯಲ್ಲಿ ನಾನು, ಮೇಸಿ ಇಬ್ಬರೇ. ಪಕ್ಕಪಕ್ಕ ನಿಂತು ಟೋಸ್ಟರಿನೊಳಗೆ ನೋಡುತ್ತಿದ್ದೆವು.

"ಶಾನಾ, ಒಂದ್ ಮಾತು. ಯಾರ್ಗೂ ಹೇಳ್ಬಾರ್ದು."

"ಹೇಳಲ್ಲ ಬಿಡು."

"ಹಂಗಲ್ಲ. ಆಣೆ ಮಾಡು."

"ನಮ್ಮಜ್ಜಿ ಆಣೆ."

ಹನ್ನೊಂದು ಸಲ ಬಾಯಿಪಾಠ ಮಾಡಿದ ಆ ಇನ್ನೊಂದು ಮಾತು ಬಾಯಿಗೆ ಬರಲೇ ಇಲ್ಲ. ಬಂದದ್ದು ನಮ್ಮ ಬೀದಿಯ ಮಾತು. ಮೇಸಿ ಚೀಲ ಬಿಚ್ಚಿದಳು. ರೀಸ್, ಅದರೊಳಗೆ ಜಂಪರ್ ಇರಲಿಲ್ಲ.

ಕಾಲ್ಚೀಲದಲ್ಲಿ ತುರುಕಿದ ಮಾತ್ರೆ ಪೊಟ್ಟಣಗಳು. ನೂರಾರು. ಮೇಯಿಂದ ಹೊತ್ತಿದ್ದಾಳೆ. ಮನೆಯಲ್ಲಿಟ್ಟರೆ ಅಮ್ಮನಿಗೆ ಸಿಗುತ್ತದೆ, ಶಾಲೆಯಲ್ಲಿ ಬಿಟ್ಟರೆ ಯಾರಿಗಾದರೂ ಸಿಗುತ್ತದೆ ಎಂದು ಹಗಲೆಲ್ಲ ಬೆನ್ನ ಮೇಲೆ, ಮಲಗುವಾಗ ಹೊದಿಕೆಯೊಳಗೆ.

"ಈಗ್ಯಾಕೆ ಹೇಳ್ತಿದೀಯ?" ಅಂದೆ.

"ಶಾಲೆ ಗೇಟ್ ಹತ್ರ ಬೂದಿ ಬಣ್ಣದ ಕಾರಲ್ಲಿ ಒಬ್ಬ ಬರ್ತಾನೆ. 'ನಮ್ ಸಾಮಾನು ನಿನ್ ಹತ್ರ ಇದ್ಯಂತೆ' ಅಂದ. ನಿನ್ನೆ ಬಾಗ್ಲು ತೆಗ್ದು, ಹತ್ತು ಅಂದ. ಓಡ್ಬಂದೆ."

"ಯಾರು ಕೊಟ್ಟಿದ್ದು ಇದನ್ನ?"

ಮೂರು ಸಲ ಕೇಳಿದೆ. ಆಮೇಲೆ ಪೊಲೀಸರೂ ಕೇಳಿದರು, ಮಕ್ಕಳ ಇಲಾಖೆಯ ಹೆಂಗಸೂ ಕೇಳಿದಳು. ಒಂದೇ ಒಂದು ಹೆಸರೂ ಅವಳ ಬಾಯಿಂದ ಹೊರಡಲಿಲ್ಲ. ಇದು ನಿನಗೆ ಗೊತ್ತಿರಲಿ.

ನಾನು ಡೆನೀಸ್‌ಗೆ ಹೇಳಿದೆ. ಫಾರಂ ತುಂಬಿದೆ. ನಾನು ಬಾಗಿಲು ದಾಟುವಾಗಲೇ ಮೇಸಿಗೆ ಅರ್ಥವಾಯಿತು. "ಆಣೆ ಮಾಡಿದ್ಯಲ್ಲ" ಎಂದಷ್ಟೇ ಹೇಳಿದಳು. ಕೂಗಲಿಲ್ಲ. ಟೋಸ್ಟ್ ಸೀದುಹೋಗಿತ್ತು, ಅದನ್ನು ತೆಗೆದು ತಟ್ಟೆಯಲ್ಲಿಟ್ಟಳು.

ಇನ್ನೊಂದು ವಿಷಯ ಇದೆ. ಅದು ನಿನಗೂ ಗೊತ್ತು, ನನಗೂ ಗೊತ್ತು. ಇಲ್ಲಿ ಬರೆಯಲಾರೆ, ನಿಮ್ಮಲ್ಲಿ ಪತ್ರ ಒಡೆಯುತ್ತಾರೆ. ಭೇಟಿಯ ಚೀಟಿ ಕಳಿಸು, ಬಂದು ಎದುರಿಗೆ ಹೇಳುತ್ತೇನೆ.

ಶಾನಾ


15 ಡಿಸೆಂಬರ್

ಭೇಟಿ ಇಲ್ಲ.

ನಿನ್ನ ಬಳಿ ನಾನು ಒಂದೇ ಒಂದು ಕೇಳಿದ್ದೆ. ಮಾರ್ಚ್‌ವರೆಗೆ ಅವಳು ಮನೆಯಲ್ಲಿರಲಿ ಎಂದು. ಟೋಸ್ಟ್ ಮಾಡು, ಬಾಯಿ ಮುಚ್ಚಿಕೊಂಡಿರು, ಅಷ್ಟು ಸಾಕಿತ್ತು. ಕಾರಿನವನು ಬಂದರೆ ನನಗೆ ಬರೆಯಬೇಕಿತ್ತು. ನನಗೆ ಇಲ್ಲಿಂದಲೂ ಮಾತು ಕಳಿಸಲು ಬರುತ್ತದೆ.

ಸತ್ಯ ಸತ್ಯ ಎಂದು ಬಡಿದುಕೊಳ್ಳುತ್ತೀಯ. ನಿನ್ನ ಸತ್ಯಕ್ಕೆ ಯಾವಾಗಲೂ ಬೆಲೆ ತೆರುವುದು ನಾವು, ಗಾರ್ಬಟ್ ಮನೆಯವರು. ಅವತ್ತು ನಾನು, ಇವತ್ತು ಮೇಸಿ. ಕ್ಷಮಿಸಿದ್ದೇನೆ ಎಂದಿದ್ದೆ. ಆ ಮಾತು ವಾಪಸ್ ತೆಗೆದುಕೊಂಡೆ.

ಚಾಡಿಕೋರಿ.

ರೀಸ್ ಗಾರ್ಬಟ್


ಥಾರ್ನ್‌ಗಾರ್ತ್
9 ಜನವರಿ 2019

ರೀಸ್,

ನೀನು ಬರೆದ ಆ ಕೊನೆಯ ಪದ ಈಗ ನಮ್ಮ ಬಾಗಿಲ ಮೇಲೂ ಇದೆ. ಹೊಸ ವರ್ಷದ ಬೆಳಿಗ್ಗೆ ಕೆಂಪು ಬಣ್ಣದಲ್ಲಿ ಬರೆದಿದ್ದರು, ನಿನ್ನ ಕೈಯಷ್ಟು ದೊಡ್ಡ ಅಕ್ಷರ. ಅಜ್ಜಿ ನೋಡಿ, "ನಾಲ್ಕು ವರ್ಷದಿಂದ ಬಾಗ್ಲಿಗೆ ಬಣ್ಣ ಹೊಡಿ ಅಂತ ಬಡ್ಕೊಂಡೆ, ಯಾರೋ ಶುರು ಮಾಡವ್ರೆ ನೋಡು" ಎಂದಳು. ಆಮೇಲೆ ಒಳಗೆ ಹೋಗಿ ಸದ್ದಿಲ್ಲದೆ ಅತ್ತಳು. ಎಪ್ಪತ್ತೆರಡು ವರ್ಷದಿಂದ ಈ ಬೀದಿಯಲ್ಲಿ ಅವಳ ಬಾಗಿಲಿಗೆ ಯಾರೂ ಏನೂ ಬರೆದಿರಲಿಲ್ಲ. ಬಣ್ಣ ಹೋಗುತ್ತಿಲ್ಲ.

ಅದೇ ವಾರ ಸಂಸ್ಥೆಯ ಹೊಸ ಕರಪತ್ರ ಬಂತು. ಮುಖಪುಟದಲ್ಲಿ ನಾನು, ಕೈಯಲ್ಲಿ ಟೋಸ್ಟಿನ ತಟ್ಟೆ. ಕೆಳಗೆ: "ಶಾಲೆ ಬಿಟ್ಟಿದ್ದ ಹುಡುಗಿ ಇವತ್ತು ಮಕ್ಕಳನ್ನು ಕಾಯುತ್ತಾಳೆ." ಒಳಗೆ ಮೇಸಿಯ ಕಥೆ, ಹೆಸರಿಲ್ಲದೆ. ನಮ್ಮ ಬೀದಿಗೆ ಹೆಸರು ಯಾಕೆ ಬೇಕು? ದಾನ ಕೊಡುವವರ ಸಭೆಯಲ್ಲಿ ಮೂರು ನಿಮಿಷ ಮಾತಾಡಿಸಿದರು. ನಾನು "ನಾನು ಅವಳಿಗೆ ಸುಳ್ಳು ಆಣೆ ಮಾಡಿದ್ದೆ" ಎಂದೆ. ಅದನ್ನೂ ಮೆಚ್ಚಿ ಚಪ್ಪಾಳೆ ತಟ್ಟಿದರು. ಒಬ್ಬ ಹೆಂಗಸು ನನ್ನ ಕೈ ಹಿಡಿದು "ಎಷ್ಟು ಪ್ರಾಮಾಣಿಕಳು ನೀನು" ಎಂದಳು. ಆ ಕೈಯನ್ನು ಮನೆಗೆ ಬಂದು ತೊಳೆದೆ.

ಈಗ ಮುಖ್ಯ ಮಾತು. ಮೇಸಿಯ ವಿಷಯದಲ್ಲಿ ಸಭೆ ಆಯಿತು. ಆ ಮಾತ್ರೆಗಳು ಯಾರವು ಎಂದು ಗೊತ್ತಿಲ್ಲದ ಕಾರಣ, ನಿಮ್ಮಮ್ಮನೇ ಅವಳಿಂದ ಹೊರಿಸುತ್ತಿದ್ದಳು ಎಂದು ಅವರಿಗೆ ಅನುಮಾನ. ಅದು ಹೋಗುವವರೆಗೆ ಮೇಸಿ ಆ ಮನೆಗೆ ವಾಪಸ್ ಬರುವ ಹಾಗಿಲ್ಲ. ನಿಮ್ಮಮ್ಮ ಕಾರಿಡಾರಿನಲ್ಲಿ ನನ್ನ ತೋಳು ಹಿಡಿದು, "ನಾನಲ್ಲ ಕಣೇ, ದೇವ್ರಾಣೆ ನಾನಲ್ಲ, ಕುಡಿತೀನಿ ನಿಜ, ಆದ್ರೆ ಹೆತ್ತ ಮಗಳ ಬೆನ್ನ ಮೇಲೆ ಇದನ್ನ ಹೊರಿಸ್ತೀನಾ?" ಎಂದಳು. ಚಾಡಿಕೋರಿಯ ಮುಂದೆ ಹಾಗೆ ಬೇಡಿಕೊಂಡಳು. ಅವಳಲ್ಲ ಎಂದು ನನಗೆ ಗೊತ್ತು. ನಿನಗೂ ಗೊತ್ತು.

ನೀನು ಹೇಳಬೇಕಾದ ಒಂದು ಮಾತಿದೆ. ನೀನೇ ಹೇಳಿದರೆ ಮೇಸಿ ಮನೆಗೆ ಬರುತ್ತಾಳೆ. ನಿನ್ನ ಮಾರ್ಚ್ ಹೋಗುತ್ತದೆ, ಅದೂ ಗೊತ್ತು. ತಿಂಗಳ ಕೊನೆಯವರೆಗೆ ಕಾಯುತ್ತೇನೆ.

ಶಾನಾ


20 ಜನವರಿ

ಶಾನಾ,

ಅವತ್ತು ಸಿಟ್ಟಿನಲ್ಲಿ ಬರೆದೆ. ಬಾಗಿಲ ಮೇಲಿನದು ನಾನು ಬರೆಸಿದ್ದಲ್ಲ. ಅಜ್ಜಿಗೆ ಹೇಳು, ಬಂದ ಮೇಲೆ ನಾನೇ ಕೆರೆದು ಹೊಸ ಬಣ್ಣ ಹೊಡೆದುಕೊಡುತ್ತೇನೆ.

ನೆನಪಿದೆಯಾ, ಆ ಹುಲ್ಲುಗಾಡಿ ಗೋಲ್ ಕಂಬಕ್ಕೆ ಗುದ್ದಿ ನಿಂತಾಗ ನೀನು "ಗೋಲ್!" ಎಂದು ಕೂಗಿದ್ದು. ಇಲ್ಲಿ ನಿದ್ದೆ ಬಾರದಿದ್ದಾಗ ಅದನ್ನೇ ನೆನೆಯುತ್ತೇನೆ.

ಇನ್ನು ಎಂಟು ವಾರ. ಎಂಟೇ ವಾರ. ಹದಿನೆಂಟಕ್ಕೆ ಹೊರಗೆ ಬರುತ್ತೇನೆ, ಹತ್ತೊಂಬತ್ತಕ್ಕೆ ನಾನೇ ನಡೆದುಕೊಂಡು ಹೋಗಿ ಹೇಳಬೇಕಾದ್ದನ್ನು ಹೇಳುತ್ತೇನೆ. ಒಂದು ದಿನ ಅಮ್ಮನ ಜೊತೆ ಊಟ ಮಾಡಿ ಹೋಗುತ್ತೇನೆ. ಮೇಸಿಯ ಆಣೆ. ಅಲ್ಲಿಯವರೆಗೆ ಸುಮ್ಮನಿರು. ಮೇಸಿ ಅಲ್ಲಿ ಹೊಟ್ಟೆ ತುಂಬ ಉಣ್ಣುತ್ತಿದ್ದಾಳಂತೆ. ಎಂಟು ವಾರದಲ್ಲಿ ಏನಾಗಿಬಿಡುತ್ತದೆ?

ರೀಸ್


ಥಾರ್ನ್‌ಗಾರ್ತ್
5 ಫೆಬ್ರವರಿ

ರೀಸ್,

ಮುಗಿಯಿತು. ನಿನ್ನೆ ಹೇಳಿಬಿಟ್ಟೆ. ಇನ್ನು ಯಾರು ಓದಿದರೂ ಪರವಾಗಿಲ್ಲ, ಅದಕ್ಕೆ ಎಲ್ಲವನ್ನೂ ಬಿಡಿಸಿ ಬರೆಯುತ್ತೇನೆ.

ಆ ಕಾಲ್ಚೀಲ ನಿನ್ನ ಶಾಲೆಯ ಫುಟ್‌ಬಾಲ್ ಕಾಲ್ಚೀಲ. ಹಸಿರು, ಮೇಲೆ ಎರಡು ಬಿಳಿ ಗೆರೆ. ಒಳ ಅಂಚಿನಲ್ಲಿ ಹೆಸರಿನ ಬಟ್ಟೆತುಂಡು: ಆರ್. ಗಾರ್ಬಟ್, ಕೆಂಪು ನೂಲಿನಲ್ಲಿ. ಎಲ್ಲರ ಅಮ್ಮಂದಿರೂ ಶಾಲೆ ಶುರುವಾಗುವ ಮುಂಚೆ ಕೂತು ಹೊಲಿಯುತ್ತಿದ್ದರಲ್ಲ, ನಿನ್ನದನ್ನು ನಿಮ್ಮಮ್ಮನಿಗೆ ಕೈ ನಡುಗುತ್ತದೆಂದು ನಮ್ಮಜ್ಜಿ ಹೊಲಿದುಕೊಟ್ಟಿದ್ದು. ಅಜ್ಜಿಯ ಹೊಲಿಗೆ ನನಗೆ ಗೊತ್ತಾಗುವುದಿಲ್ಲವೇ?

ಡೆನೀಸ್ ಆಫೀಸಿನಲ್ಲಿ ಪೊಲೀಸರಿಗೆ ಫೋನ್ ಮಾಡುತ್ತಿದ್ದರು. ಐದು ನಿಮಿಷ. ಕಾಲ್ಚೀಲ ನನ್ನ ಮುಂದೆ, ಕತ್ತರಿ ಬ್ರೆಡ್ಡಿನ ಪಕ್ಕದಲ್ಲೇ. ನಾನು ಆ ತುಂಡನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡೆ. ನಿನ್ನ ಮಾರ್ಚ್ ಉಳಿಯಲಿ ಎಂದು. ಮೇಸಿ ನೋಡಿದಳು. ಹೊಲಿಗೆ ಬಿಟ್ಟ ಕಡೆ ನಾಲ್ಕು ಕೆಂಪು ಎಳೆ ಉಳಿದವು. ಪೊಲೀಸರು ಅದನ್ನು ಗಮನಿಸಲಿಲ್ಲ.

ನಾನು ಜೀವನದಲ್ಲಿ ಮುಚ್ಚಿಟ್ಟದ್ದು ಅದೊಂದನ್ನೇ. ಆ ತುಂಡು ಅಲ್ಲೇ ಇದ್ದಿದ್ದರೆ ಸಾಮಾನು ನಿನ್ನದು, ನೀನು ಒಳಗಿದ್ದೀಯ, ನಿಮ್ಮಮ್ಮನ ಮೇಲೆ ತಪ್ಪಿಲ್ಲ ಎಂದು ಆಗುತ್ತಿತ್ತು. ಮೇಸಿ ಒಂದೆರಡು ವಾರದಲ್ಲಿ ಮನೆಗೆ ಬರುತ್ತಿದ್ದಳು. ಅವಳು ಹೋದದ್ದು ನಾನು ಹೇಳಿದ್ದರಿಂದ. ವಾಪಸ್ ಬಾರದಿದ್ದದ್ದು ನಾನು ಹೇಳದೆ ಬಿಟ್ಟಿದ್ದರಿಂದ.

ಹತ್ತೊಂಬತ್ತಕ್ಕೆ ಹೋಗಿ ಹೇಳುತ್ತೇನೆ ಎಂದೆ. ಮೇಸಿಯ ಮೇಲೆ ಆಣೆ ಹಾಕಿದೆ. ಆಣೆ ಎಷ್ಟು ಸುಲಭ ಎಂದು ನನಗೆ ಗೊತ್ತು. ಅದಕ್ಕೆ ಕಾಯಲಿಲ್ಲ.

ಆ ತುಂಡನ್ನು ಡೆನೀಸ್ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ಬಹಳ ಹೊತ್ತು ಓದಿದರು, ಇದ್ದದ್ದು ಎರಡೇ ಪದ.

"ಯಾವತ್ತಿಂದ ಇದೆ ಇದು ನಿನ್ ಹತ್ರ?"

"ಅವತ್ತಿಂದ."

"ಆ ಹೆಂಗಸು ಎರಡೂವರೆ ತಿಂಗಳಿಂದ ಇಲ್ಲಿ ಬಂದು ಅಳ್ತಿದಾಳೆ. ನೀನು ಅವಳಿಗೆ ಟೀ ಮಾಡ್ಕೊಟ್ಟೆ."

"ಹೌದು."

"ಪೂರ್ತಿ ಹೇಳ್ಬೇಕಿತ್ತು, ಇಲ್ಲಾ ಪೂರ್ತಿ ಮುಚ್ಕೋಬೇಕಿತ್ತು ಪುಟ್ಟಾ. ಅರ್ಧ ಹೇಳೋರು ಅತಿ ಕೆಟ್ಟೋರು." ಆಮೇಲೆ ಕನ್ನಡಕ ತೆಗೆದರು. "ನಾನೂ ಕೇಳ್ಬೇಕಿತ್ತು ಆ ಚೀಲದ ವಿಷ್ಯ. ಸೆಪ್ಟೆಂಬರಿಂದ ಒಂದು ಮಗು ಗೂಟಕ್ಕೆ ಚೀಲ ಹಾಕಿಲ್ಲ. ಜಂಪರ್ ಅಂದ್ಯಲ್ಲ, ಎಷ್ಟು ಚೆಂದ ಇತ್ತು ಆ ಮಾತು, ನಂಬಿ ಕೂತೆ."

ಕೊರಳಿನ ಕಾರ್ಡು ಬಿಚ್ಚಿಕೊಟ್ಟೆ. ಅವರು ಬೇಡ ಎನ್ನಲಿಲ್ಲ. ಪೊಲೀಸರು ನನಗೆ ಬರೀ ಎಚ್ಚರಿಕೆ ಬರೆದುಕೊಂಡು ಬಿಟ್ಟರು, ಆದರೆ ಇನ್ನು ಮಕ್ಕಳ ಕೆಲಸಕ್ಕೆ ನನ್ನನ್ನು ಯಾರೂ ಸೇರಿಸಿಕೊಳ್ಳುವುದಿಲ್ಲ. ಸರ್ಟಿಫಿಕೇಟಿಗೆ ಐದು ವಾರ ಉಳಿದಿತ್ತು. ನಾನು ಬಿಡದೆ ಇದ್ದ ಕೆಲಸ ಇದೊಂದೇ ರೀಸ್. ಬರುವಾಗ ನೋಡಿದೆ: ಅಲ್ಲಾಡುತ್ತಿದ್ದ ಟೇಬಲ್ ಟೆನಿಸ್ ಮೇಜಿನ ಕಾಲಡಿಗೆ ನನ್ನ ಫೋಟೋ ಇರುವ ಕರಪತ್ರಗಳನ್ನು ಮಡಿಸಿ ಇಟ್ಟಿದ್ದರು.

ಶಾನಾ


2 ಏಪ್ರಿಲ್

ಶಾನಾ,

ಹದಿನೆಂಟು ಬಂತು, ಹೋಯಿತು. ಪೊಲೀಸರು ಎರಡು ಸಲ ಬಂದರು. ನನ್ನದು ಎಂದು ಒಪ್ಪಿಕೊಂಡೆ. ಇನ್ನೂ ಎರಡು ವರ್ಷ ಸೇರಬಹುದು ಎಂದು ವಕೀಲ ಹೇಳಿದ. ಇಪ್ಪತ್ತೊಂದಾದ ಮೇಲೆ ದೊಡ್ಡವರ ಜೈಲಿಗೆ ಕಳಿಸುತ್ತಾರೆ.

ಪೊಲೀಸರಿಗೆ ಹೆದರಿ ಆ ಮಾತ್ರೆಗಳನ್ನು ಮೇಸಿಯ ಬೆನ್ನಿಗೆ ಕಟ್ಟಿದೆ. ಮಗುವಿನ ಚೀಲವನ್ನು ಯಾರು ನೋಡುತ್ತಾರೆ ಎಂದುಕೊಂಡೆ. ಒಂದು ವಾರಕ್ಕೆ ಎಂದು ಹೇಳಿದ್ದೆ. ಆ ವಾರದಲ್ಲೇ ನನ್ನನ್ನು ಹಿಡಿದರು. ಆಮೇಲೆ ಪ್ರತಿ ಫೋನಿನಲ್ಲೂ ಅವಳು ಕೇಳುತ್ತಿದ್ದದ್ದು ಒಂದೇ: "ಇನ್ನೆಷ್ಟು ದಿನ ಅಣ್ಣಾ?" ನೀನು ಜಂಪರ್ ಎಂದು ಬರೆದಾಗ ಆ ಪತ್ರವನ್ನು ಹತ್ತು ಸಲ ಓದಿದೆ. ಅದೇ ನಿಜ ಎಂದು ನಂಬಲು ನೋಡಿದೆ.

ಹತ್ತೊಂಬತ್ತಕ್ಕೆ ನಾನು ಹೋಗಿ ಹೇಳುತ್ತಿದ್ದೆನೋ ಇಲ್ಲವೋ, ಅದು ಇನ್ನು ನಿನಗೆ ಗೊತ್ತಾಗುವುದಿಲ್ಲ. ನನಗೂ ಗೊತ್ತಾಗುವುದಿಲ್ಲ. ನೀನು ನನ್ನಿಂದ ಕಿತ್ತುಕೊಂಡದ್ದು ಅದನ್ನು. ಮಾರ್ಚ್ ಅನ್ನು ಅಲ್ಲ.

ಮೇಸಿ ಮನೆಗೆ ಬಂದಳಾ? ಅಮ್ಮ ಫೋನ್ ಎತ್ತುತ್ತಿಲ್ಲ. ಅದೊಂದನ್ನು ಬರೆ, ಆಮೇಲೆ ಬೇಡ.

ರೀಸ್


ಥಾರ್ನ್‌ಗಾರ್ತ್
14 ಮೇ

ರೀಸ್,

ತಡವಾಯಿತು. ಖಚಿತವಾದ ಮೇಲೆ ಬರೆಯೋಣ ಎಂದು ಕಾದೆ. ಈಗ ಪಾರ್ಮೋ ಅಂಗಡಿಯಲ್ಲಿ ಕೋಳಿ ಬಡಿದು ಚಪ್ಪಟೆ ಮಾಡುವ ಕೆಲಸ ನನ್ನದು. ಯಾರೂ ಮಾತಾಡಿಸುವುದಿಲ್ಲ, ಒಳ್ಳೆಯದೇ ಆಯಿತು.

ನಿಮ್ಮಮ್ಮನ ಮೇಲಿನ ಅನುಮಾನವನ್ನು ಮಾರ್ಚ್‌ನಲ್ಲೇ ತೆಗೆದುಹಾಕಿದರು. ಈಸ್ಟರ್‌ಗೆ ಮೇಸಿ ಮನೆಗೆ ಬರಬಹುದಿತ್ತು. ನಿಮ್ಮಮ್ಮ ಅವಳ ಕೋಣೆಗೆ ಹೊಸ ಪರದೆ ಹಾಕಿದಳು. ಕುಡಿಯದೆ ನಲವತ್ತು ದಿನ ಇದ್ದಳು. ಮಕ್ಕಳ ಇಲಾಖೆಯ ಹೆಂಗಸು ಹೋಗಿ ಮೇಸಿಯನ್ನು ಕೇಳಿದಳು. ಮೇಸಿ ಬರುವುದಿಲ್ಲ ಎಂದಳು. ಇನ್ನೊಂದು ಸಲ ಕೇಳಿದರು. ಬರುವುದಿಲ್ಲ ಎಂದಳು. ನಿಮ್ಮಮ್ಮ ಫೋನ್ ಎತ್ತದಿರುವುದು ಅದಕ್ಕೇ. ಮತ್ತೆ ಶುರು ಮಾಡಿದ್ದಾಳೆ.

ಮೇಸಿಯಿಂದ ನನಗೆ ಒಂದು ಕಾರ್ಡು ಬಂತು. ಲೈಬ್ರರಿಯ ವಿಳಾಸಕ್ಕೆ ಬಂದಿತ್ತು, ಡೆನೀಸ್ ನಮ್ಮ ಬಾಗಿಲ ಸಂದಿಯಲ್ಲಿ ತೂರಿಸಿ ಬೆಲ್ ಒತ್ತದೆ ಹೋದರು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

"ಶಾನಾ, ಇಲ್ಲಿ ಸಮುದ್ರ ಹತ್ರ. ಒಂದು ಮುದಿ ನಾಯಿ ಇದೆ, ಕಿವಿ ಕೇಳಲ್ಲ. ಬಾಗ್ಲ ಹಿಂದೆ ಗೂಟ ಇದೆ, ಅದ್ರ ಮೇಲೆ ನನ್ನ ಹೆಸ್ರು ಬರ್ದಿದಾರೆ. ಬಂದ ತಕ್ಷಣ ಚೀಲ ಅಲ್ಲಿ ಹಾಕ್ತೀನಿ. ನೀನೂ ಅಣ್ಣನೂ ಇನ್ಮೇಲೆ ನನ್ನ ವಿಷ್ಯ ಬರ್ಕೋಬೇಡಿ. ಮೇಸಿ."

ಈ ಸಲ ನಾನು ಅವಳಿಗೆ ಆಣೆ ಮಾಡಿಲ್ಲ. ಆದರೆ ಮಾತು ಉಳಿಸಿಕೊಳ್ಳುತ್ತೇನೆ.

ಶಾನಾ